ಮೊಂಡು ಮುಚ್ಚಳ

ವಾಚಿನ ಸೆಲ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಪರದಾಟ ಶುರುವಾಗುವುದು ಹಿಂಬದಿಯ ಮುಚ್ಚಳ ಕೂರಿಸುವಾಗ. ಹೆಬ್ಬೆರಳು ಕೆಂಪಾಗುವಷ್ಟು ಒತ್ತಿದರೂ ಒಂದು ಬದಿ ಕೂತರೆ ಇನ್ನೊಂದು ಬದಿ ಏಳುತ್ತದೆ. ಕೊನೆಗೆ ವಾಚು, ಮುಚ್ಚಳ ಎರಡೂ ಒಂದೇ ಕಾಗದದ ಪೊಟ್ಟಣ ಸೇರಿ ಬೀರುವಿನಲ್ಲಿ ಉಳಿಯುತ್ತವೆ.

ರಾಮನಗರ, ಮಾಗಡಿ ಕಡೆ ನಾನು ಬಿಚ್ಚಿ ನೋಡಿದ ಇಂಥ ಪೊಟ್ಟಣಗಳಲ್ಲಿ ಎಚ್‌ಎಂಟಿಗಳೇ ಜಾಸ್ತಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಾಚು ತಯಾರಿಕೆಯನ್ನು ನಿಲ್ಲಿಸಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಅಷ್ಟರಲ್ಲಿ ಮದುವೆಯ ಉಡುಗೊರೆಯಾಗಿ ಎಷ್ಟೋ ಅಳಿಯಂದಿರ ಕೈಗೆ ಎಚ್‌ಎಂಟಿ ಸೇರಿಯಾಗಿತ್ತು. ಮಾವ ಕೊಟ್ಟದ್ದನ್ನು ಎಸೆಯುವವರು ಯಾರು!

ಎಲ್ಲ ಮುಚ್ಚಳವೂ ಒತ್ತುವಂಥದ್ದಲ್ಲ. ಅಂಚಿನ ಸುತ್ತ ಸಮ ಅಂತರದಲ್ಲಿ ಕಚ್ಚುಗಳಿದ್ದರೆ ಅದು ತಿರುಪಿನದು. ಒತ್ತಿದರೆ ಮರೆ ಕೆಡುತ್ತದೆ. ಚಾಕುವಿನ ತುದಿ ಹಿಡಿಯುವಷ್ಟು ಸಣ್ಣ ತುಟಿಯೊಂದು ಕಂಡರೆ ಮಾತ್ರ ಒತ್ತುವ ಮುಚ್ಚಳ. ಇದರ ಒಳಅಂಚಿನಲ್ಲಿ ಕೀ ಕಡ್ಡಿಗೆ ದಾರಿ ಬಿಡುವ ಒಂದು ತಗ್ಗು ಇರಬಹುದು. ಆ ತಗ್ಗು ಕೀ ಇರುವ ಕಡೆಗೇ ಬರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಭೀಮನೇ ಬಂದು ಒತ್ತಲಿ, ಕೂರುವುದಿಲ್ಲ. ಮೊಂಡು ಅನ್ನಿಸಿಕೊಂಡ ಮುಚ್ಚಳಗಳಲ್ಲಿ ಹೆಚ್ಚಿನವುಗಳ ತಕರಾರು ಇಷ್ಟೇ. ಉಳಿದವಕ್ಕೆ ಅಂಚಿನ ತೋಡಿನಲ್ಲಿ ಗಟ್ಟಿಯಾದ ಬೆವರಿನ ಕೊಳೆ, ಇಲ್ಲವೇ ಉಬ್ಬಿ ಹೊರಚಾಚಿದ ರಬ್ಬರ್ ವಾಷರ್ ಕಾರಣ. ಕೊಳೆಗೆ ಬಿದಿರಿನ ಹಲ್ಲುಕಡ್ಡಿ ಸಾಕು.

ವಾಷರನ್ನೇ ಕಿತ್ತು ಹಾಕಿದರೆ ಮುಚ್ಚಳ ಸಲೀಸಾಗಿ ಕೂರುತ್ತದೆ, ನಿಜ. ಕನಕಪುರ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಹಾಗೇ ಮಾಡಿದ್ದರು. ಚಾಕಿ ಎನ್ನುವ ಎಳೆಯ ರೇಷ್ಮೆ ಹುಳುವಿಗೆ ಶೇ 85ರ ಆಸುಪಾಸಿನ ತೇವಾಂಶ ಬೇಕು. ಆ ಹವೆಯಲ್ಲಿ ಓಡಾಡಿದ ವಾಚಿನ ಗಾಜಿನೊಳಗೆ ಮಂಜು ಕಟ್ಟಿ, ಮುಳ್ಳುಗಳಿಗೆ ತುಕ್ಕು ಹಿಡಿದಿತ್ತು. ಹೊಸ ವಾಷರಿಗೆ ಬೆರಳ ತುದಿಯಲ್ಲಿ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದೆವು.

ಮುಚ್ಚಳವನ್ನು ಫ್ರಿಜ್ಜಿನಲ್ಲಿಟ್ಟು ಕುಗ್ಗಿಸುವ ಉಪಾಯ ಹೇಳುವವರಿದ್ದಾರೆ. 30 ಮಿ.ಮೀ. ಅಗಲದ ಉಕ್ಕಿನ ಮುಚ್ಚಳ 40 ಡಿಗ್ರಿ ತಣ್ಣಗಾದರೂ ಕುಗ್ಗುವುದು ಸುಮಾರು 0.02 ಮಿ.ಮೀ. ಹೊರಗೆ ತೆಗೆದ ಕೂಡಲೇ ಅದರ ಮೇಲೆ ನೀರು ಬೆವರುತ್ತದೆ. ಆ ನೀರು ಹೋಗುವುದು ಮಷೀನಿನೊಳಕ್ಕೆ.

ಇಷ್ಟಾದ ಮೇಲೂ ಬೆರಳಿಗೆ ಬಗ್ಗದಿದ್ದರೆ ಮುಚ್ಚಳ ಕೂರಿಸುವ ಪ್ರೆಸ್ ಬೇಕು. ಅದರ ಜೊತೆ ಬರುವ ಪ್ಲಾಸ್ಟಿಕ್ ಬಿಲ್ಲೆಗಳ ಅಳತೆ ಹಳೆಯ ವಾಚುಗಳಿಗೆ ಹೊಂದದೆ, ನಾನು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಬಳಿ ಹೋದೆ. ಬೊಂಬೆಗೆ ಬಳಸುವ ಆಲೆಮರ ಮೃದು, ನಯವಾಗಿ ಕಡೆಯಲು ಬರುತ್ತದೆ, ಉಕ್ಕಿಗೆ ಗೀರು ಬೀಳಿಸುವುದಿಲ್ಲ. ಮೇಲಿನ ಬಿಲ್ಲೆ ಮುಚ್ಚಳಕ್ಕಿಂತ ತುಸು ಕಿರಿದು. ಕೆಳಗಿನದು ನಡುವೆ ತೋಡಿದ ಬಟ್ಟಲು: ಭಾರವೆಲ್ಲ ಕೇಸಿನ ಅಂಚಿನ ಮೇಲೆ, ಗಾಜು ಗಾಳಿಯಲ್ಲಿ. ಗಾಜಿನ ಮೇಲೆ ಭಾರ ಬಿದ್ದರೆ ಎಚ್‌ಎಂಟಿಯ ಅಕ್ರಿಲಿಕ್ ಬಿರುಕು ಬಿಡುತ್ತದೆ. ಕಡೆದುಕೊಟ್ಟವರು ಅರಗಿನ ಬಣ್ಣವನ್ನೂ ಹಚ್ಚಲೇ ಅಂದರು. ಜಾರುತ್ತದೆಂದು ಬೇಡವೆಂದೆ, ಅವರಿಗೆ ಅಷ್ಟು ಹಿಡಿಸಲಿಲ್ಲ.

ಪ್ರೆಸ್ಸಿನ ಹಿಡಿಯನ್ನು ಕಾಲು ಸುತ್ತು ತಿರುಗಿಸಿ, ಓರೆಯಿದೆಯೇ ನೋಡಿ, ಮತ್ತೆ ತಿರುಗಿಸಬೇಕು. ಟಕ್ ಎಂದ ಮೇಲೆ ಉಗುರನ್ನು ಅಂಚಿನ ಸುತ್ತ ಎಳೆದರೆ ಎಲ್ಲೂ ಸಿಕ್ಕಬಾರದು. ಹೀಗೆ ಮನೆಯಲ್ಲಿ ಮುಚ್ಚಿದ ವಾಚನ್ನು ಕಟ್ಟಿಕೊಂಡು ಸ್ನಾನಕ್ಕೆ ಇಳಿಯುವಂತಿಲ್ಲ. ಈಜಲೆಂದೇ ಮಾಡಿದ ವಾಚಾದರೆ, ನೀರಿನ ಒತ್ತಡದ ಪರೀಕ್ಷೆ ಮಾಡುವ ಅಂಗಡಿಗೇ ಒಯ್ಯಬೇಕು.