ಕುಯ್ಲು ಮುಗಿಯುವವರೆಗೆ ಕಾಯದ ಕಾಯಿಲೆಗಳು

"ಕುಯ್ಲು ಮುಗೀಲಿ ಡಾಕ್ಟ್ರೇ, ಆಮೇಲೆ ಬರ್ತೀನಿ." ನವೆಂಬರಿನಿಂದ ಮಾರ್ಚಿನವರೆಗೆ ಕಾಫಿ ಸೀಮೆಯ ವೈದ್ಯರು ಪದೇ ಪದೇ ಕೇಳುವ ಮಾತಿದು. ಮೂರು ಎಕರೆ ತೋಟದ ಬೆಳೆಗಾರರೊಬ್ಬರು ನನಗೂ ಹೀಗೇ ಹೇಳಿ ಹೋದರು. ಹಳೆಯ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಿನಲ್ಲಿ ಸಣ್ಣ ಗಾಯ, ನೋವಿಲ್ಲ. ಅವರು ಮತ್ತೆ ಬಂದದ್ದು ಫೆಬ್ರವರಿಯಲ್ಲಿ. ಬೆರಳು ಕಪ್ಪಾಗಿತ್ತು. ಅದನ್ನು ಉಳಿಸಿಕೊಳ್ಳಲಾಗಲಿಲ್ಲ.

ಇದನ್ನು ಬರೀ ಅಲಕ್ಷ್ಯ ಎನ್ನುವಂತಿಲ್ಲ. ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರಿನವರೆಗೆ ತೋಟವಿರುವವರು ಸಣ್ಣ ಬೆಳೆಗಾರರು. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಇವರೇ. ಹಣ್ಣು ಗಿಡದಲ್ಲೇ ಉಳಿದರೆ ಉದುರಿಹೋಗುತ್ತದೆ. ಕಣದಲ್ಲಿ ಹರವಿದ ಕಾಫಿ ಅಕಾಲ ಮಳೆಗೆ ಸಿಕ್ಕರೆ ಬೂಷ್ಟು ಹಿಡಿಯುತ್ತದೆ. ಆಳು ಸಿಗದಿದ್ದರೆ ಮನೆಯವರೇ ಕುಯ್ಯಬೇಕು. ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ. ಅದರ ಬೆಲೆಯೋ ಲಂಡನ್, ನ್ಯೂಯಾರ್ಕ್ ಪೇಟೆಗಳನ್ನು ಅನುಸರಿಸುತ್ತದೆ. ಇಂಥ ಬದುಕಿನಲ್ಲಿ ಆಸ್ಪತ್ರೆಯ ಸರದಿ ಕೊನೆಗೆ ಬರುವುದು ಸಹಜ. ಆದರೂ ಈ ಮೂರನ್ನು ಮುಂದೂಡಬೇಡಿ.

ಕಾಲಿನ ಗಾಯ: ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಮಂದವಾಗುತ್ತವೆ, ರಕ್ತಸಂಚಾರವೂ ಕುಗ್ಗುತ್ತದೆ. ಆದ್ದರಿಂದ ನೋವಿಲ್ಲದ ಗಾಯಕ್ಕೇ ಹೆಚ್ಚು ಹೆದರಬೇಕು. ಬರಿಗಾಲಿನಲ್ಲಿ ತೋಟಕ್ಕೆ ಇಳಿಯಬೇಡಿ. ಪ್ರತಿ ರಾತ್ರಿ ಪಾದ ತೊಳೆದು, ಒರೆಸಿ, ಬೆರಳ ಸಂದುಗಳನ್ನು ನೋಡಿಕೊಳ್ಳಿ. ಕಣ್ಣು ಮಂಜಾಗಿದ್ದರೆ ಮನೆಯವರಿಗೆ ತೋರಿಸಿ.

ಜ್ವರ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಉಣುಗು ಕಚ್ಚಿ ಹರಡುವ ಈ ರೋಗ ಹೆಚ್ಚುವುದು ಡಿಸೆಂಬರಿನಿಂದ ಮೇವರೆಗೆ. ಕುಯ್ಲಿನ ದಿನಗಳೂ ಇವೇ. ದಿಢೀರನೆ ಜ್ವರ, ತಲೆನೋವು, ತೀವ್ರ ಮೈಕೈನೋವು ಬಂದರೆ ಅಂದೇ ವೈದ್ಯರನ್ನು ಕಾಣಿ. ನೀವಾಗಿಯೇ ಆಸ್ಪಿರಿನ್, ಬ್ರೂಫೆನ್ ನುಂಗಬೇಡಿ, ರಕ್ತಸ್ರಾವದ ಅಪಾಯವಿದೆ.

ಔಷಧಿ ಹೊಡೆದ ನಂತರದ ಸುಸ್ತು: ಕಾಂಡಕೊರಕಕ್ಕೆ ಕೀಟನಾಶಕ ಹೊಡೆದ ಮೇಲೆ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ವಾಂತಿ, ಕಣ್ಣು ಮಂಜು, ಮಾಂಸಖಂಡಗಳ ಅದುರುವಿಕೆ ಕಂಡರೆ ಅದು ಬಿಸಿಲಿನ ಸುಸ್ತಲ್ಲ, ವಿಷ. ಬಟ್ಟೆ ಬಿಚ್ಚಿ, ಸೋಪು ನೀರಿನಿಂದ ಮೈ ತೊಳೆದು, ಡಬ್ಬಿಯ ಚೀಟಿಯೊಡನೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ವಾಂತಿ ಮಾಡಿಸುವುದು, ಹಾಲು ಕುಡಿಸುವುದು ಬೇಡ.

ಉಳಿದ ತಪಾಸಣೆಗಳನ್ನು ಕುಯ್ಲಿಗೆ ಮೊದಲು, ಅಕ್ಟೋಬರಿನಲ್ಲೇ ಮುಗಿಸಿಕೊಳ್ಳಿ. ಬಿ.ಪಿ., ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಕುಯ್ಲಿನ ದಿನಗಳಲ್ಲಿ ಅವು ತಪ್ಪದಂತೆ ಮೊದಲೇ ತಂದಿಟ್ಟುಕೊಳ್ಳಿ. ಹೋಗುವಾಗ ಹೆಂಡತಿಯನ್ನೂ ಕರೆದೊಯ್ಯಿರಿ. ಕುಯ್ಲು, ಕಣ, ಅಡುಗೆ ಮೂರನ್ನೂ ನೋಡಿಕೊಳ್ಳುವ ಆಕೆ ತನ್ನ ಕಾಯಿಲೆಯನ್ನು ನಿಮಗಿಂತಲೂ ಹೆಚ್ಚು ಮುಂದೂಡುತ್ತಿರುತ್ತಾಳೆ.