ಎತ್ತರದ ಕಾರಿಗೆ ಮೂರೂವರೆ ಲಕ್ಷ ಹೆಚ್ಚು ಕೊಡಬೇಕೆ?

ಬ್ಯಾಟರಿಯ ಅಳತೆ ಒಂದೇ, ಮೋಟರಿನ ಶಕ್ತಿ ಒಂದೇ, ತಯಾರಿಸಿದ ಕಂಪನಿಯೂ ಒಂದೇ. ಒಂದು ತಗ್ಗಿನ ಕಾರು, ಛಾವಣಿ ಹಿಂದಕ್ಕೆ ಇಳಿಜಾರಾಗಿ ಹೋಗುವ ಫಾಸ್ಟ್‌ಬ್ಯಾಕ್ ಮೈಕಟ್ಟು. ಇನ್ನೊಂದು ಎತ್ತರದ ಎಸ್‌ಯುವಿ. 2025ರಲ್ಲಿ ನಾವು ಕಾರು ನೋಡಲು ಹೊರಟಾಗ ಬಿವೈಡಿ ಸೀಲ್ ಪ್ರೀಮಿಯಂನ ಎಕ್ಸ್-ಶೋರೂಮ್ ಬೆಲೆ ₹45.70 ಲಕ್ಷ, ಸೀಲಯನ್ 7 ಪ್ರೀಮಿಯಂನದು ₹48.90 ಲಕ್ಷ. ಎರಡರಲ್ಲೂ 82.56 ಕಿಲೋವ್ಯಾಟ್-ಅವರ್ ಬ್ಯಾಟರಿ, ಎರಡರಲ್ಲೂ ಹಿಂದಿನ ಚಕ್ರಗಳನ್ನು ತಿರುಗಿಸುವ 230 ಕಿಲೋವ್ಯಾಟ್ ಮೋಟರು. ಹಾಗಾಗಿ ನಡುವಿನ ₹3.20 ಲಕ್ಷ ಬಹುಮಟ್ಟಿಗೆ ಆಕಾರಕ್ಕೆ ಕೊಡುವ ಹಣ. ಆಕಾರದ ಬೆಲೆಯನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ನೋಡುವ ಅವಕಾಶ ಕಾರು ಪೇಟೆಯಲ್ಲಿ ಅಪರೂಪ.

ತಗ್ಗಿನ ಕಾರು ಯಾವಾಗಲೂ ಅಗ್ಗ ಅಂತ ಇದರರ್ಥವಲ್ಲ. ನಮ್ಮ ಹೊಸಕೋಟೆಯ ಕಾರ್ಖಾನೆಯಲ್ಲೇ ಜೋಡಣೆಯಾಗುವ ವೋಲ್ವೊ ಕಾರುಗಳಲ್ಲಿ ಲೆಕ್ಕ ಉಲ್ಟಾ ಇತ್ತು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಇಳಿಜಾರು ಛಾವಣಿಯ ಸಿ40 ವಿದ್ಯುತ್ ಕಾರಿಗೆ ₹61.25 ಲಕ್ಷ, ಅದರ ಜೊತೆಯ ಎಕ್ಸ್‌ಸಿ40 ಎಸ್‌ಯುವಿ ಅದಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಆಕಾರಕ್ಕೆ ಎಷ್ಟು ಬೆಲೆ ಅನ್ನುವುದನ್ನು ಕಂಪನಿಗಳು ಗಿರಾಕಿಯ ಆಸೆ ನೋಡಿ ನಿಗದಿ ಮಾಡುತ್ತವೆ. ಆ ಆಸೆಯನ್ನು ಪಕ್ಕಕ್ಕಿಟ್ಟು ಮನೆಯ ಖರ್ಚಿನ ಪುಸ್ತಕದಲ್ಲಿ ಲೆಕ್ಕ ಹಾಕಿಕೊಳ್ಳುವುದು ನಮ್ಮ ಕೆಲಸ.

ಎಕ್ಸ್-ಶೋರೂಮ್ ಬೆಲೆಯ ಅಂತರ ಅಷ್ಟಕ್ಕೇ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ 2024ರ ಮಾರ್ಚ್‌ವರೆಗೆ ವಿದ್ಯುತ್ ಕಾರಿಗೆ ರಸ್ತೆ ತೆರಿಗೆ ಇರಲಿಲ್ಲ. ಆಮೇಲೆ ₹25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10ರಷ್ಟು ಜೀವಿತಾವಧಿ ತೆರಿಗೆ ಬಂತು. ಸೀಲಯನ್‌ಗೆ ₹4.89 ಲಕ್ಷ, ಸೀಲ್‌ಗೆ ₹4.57 ಲಕ್ಷ, ಇಲ್ಲಿ ₹32,000 ಹೆಚ್ಚಾಯಿತು. ವಿಮೆಯ ಕಂತಿನ ವ್ಯತ್ಯಾಸ ಸೇರಿಸಿದರೆ ಆನ್-ರೋಡ್ ಅಂತರ ಸುಮಾರು ₹3.65 ಲಕ್ಷ ಅಂತ ನಾನು ಬರೆದುಕೊಂಡೆ. ₹10 ಲಕ್ಷ ಮೀರಿದ ಯಾವುದೇ ಕಾರಿಗೆ ಡೀಲರ್ ಶೇ 1ರಷ್ಟು ಟಿಸಿಎಸ್ ವಸೂಲಿ ಮಾಡುತ್ತಾರೆ. ಇದು ಖರ್ಚಲ್ಲ, ನಿಮ್ಮ ಹೆಸರಲ್ಲಿ ಕಟ್ಟಿದ ಆದಾಯ ತೆರಿಗೆ. ರಿಟರ್ನ್ಸ್ ಸಲ್ಲಿಸುವಾಗ ಫಾರಂ 26ಎಎಸ್ ನೋಡಿ, ಸರಿಹೊಂದಿಸಿಕೊಳ್ಳಿ. ನಲವತ್ತೈವತ್ತು ಸಾವಿರದ ಮೊತ್ತವನ್ನು ಮರೆತೇಬಿಡುವ ಜನ ಇದ್ದಾರೆ.

ಆ ₹3.65 ಲಕ್ಷವನ್ನು ಸಾಲದಲ್ಲಿ ಸೇರಿಸಿದರೆ? ಶೇ 9ರ ಬಡ್ಡಿಗೆ ಐದು ವರ್ಷ ಅಂದರೆ ತಿಂಗಳಿಗೆ ₹7,577 ಹೆಚ್ಚಿನ ಇಎಂಐ. ಕೊನೆಗೆ ಕಟ್ಟಿದ್ದು ₹4.55 ಲಕ್ಷ. ಶೋರೂಮಿನಲ್ಲಿ "ತಿಂಗಳಿಗೆ ಏಳೂವರೆ ಸಾವಿರ ಅಷ್ಟೇ ಮೇಡಂ" ಅಂದಾಗ ಈ ಎರಡನೆಯ ಅಂಕಿ ಯಾರ ಬಾಯಲ್ಲೂ ಬರುವುದಿಲ್ಲ.

ಇನ್ನು ಓಡಿಸುವ ಖರ್ಚು. ಮನೆಯಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಇದು. ನನ್ನ ಗಂಡ ಮತ್ತು ಮಗ ಇಬ್ಬರೂ ಸೀಲ್ ಪರ. "ಒಂದು ಚಾರ್ಜಿಗೆ 650 ಕಿಲೋಮೀಟರ್ ಅಮ್ಮಾ, ಇನ್ನೊಂದು 567 ಅಷ್ಟೇ" ಅಂತ ಮಗನ ವಾದ. ಅಂಕಿ ಸರಿಯೇ, ಕಂಪನಿ ಹೇಳುವುದೂ ಅದನ್ನೇ. ಗಾಳಿಯನ್ನು ಸೀಳಿಕೊಂಡು ಹೋಗುವುದರಲ್ಲಿ ತಗ್ಗಿನ ಕಾರು ಮೇಲು: ಸೀಲ್‌ನ ಗಾಳಿ ತಡೆಯ ಗುಣಾಂಕ 0.219, ಸೀಲಯನ್‌ನದು 0.28. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದು 50ರಲ್ಲಿದ್ದದ್ದರ ನಾಲ್ಕು ಪಟ್ಟು. ಮೈಸೂರು ಹೆದ್ದಾರಿಯಲ್ಲಿ ಈ ಗುಣಾಂಕಕ್ಕೆ ಬೆಲೆಯಿದೆ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಕಡೆ ತೆವಳುವಾಗ ಎರಡು ಕಾರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ರೂಪಾಯಿಯಲ್ಲಿ ನೋಡೋಣ. ಕಂಪನಿಯ ಅಂಕಿಗಳ ಪ್ರಕಾರ 100 ಕಿಲೋಮೀಟರಿಗೆ ಒಂದು ಕಾರು 12.7 ಯೂನಿಟ್, ಇನ್ನೊಂದು 14.6 ಯೂನಿಟ್ ಬಳಸಬೇಕು. ನಿಜ ಜೀವನದಲ್ಲಿ ಯಾವ ಕಾರೂ ಅಷ್ಟು ಕಡಿಮೆ ಬಳಸುವುದಿಲ್ಲ. ಹಾಗಾಗಿ ನಾನು 15 ಮತ್ತು 18 ಅಂತ ಹಿಡಿದೆ. ವರ್ಷಕ್ಕೆ 15,000 ಕಿಲೋಮೀಟರ್ ಓಡಿದರೆ ಎಸ್‌ಯುವಿ 450 ಯೂನಿಟ್ ಹೆಚ್ಚು ಕುಡಿಯುತ್ತದೆ. ಬೆಸ್ಕಾಂ ದರಕ್ಕೆ ಸರ್‌ಚಾರ್ಜು, ತೆರಿಗೆ ಸೇರಿಸಿ ಮನೆಯಲ್ಲಿ ಯೂನಿಟ್ಟಿಗೆ ₹7. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಶೇ 18ರ ಜಿಎಸ್‌ಟಿ ಸೇರಿ ₹22. ಮುಕ್ಕಾಲು ಪಾಲು ಮನೆಯಲ್ಲಿ, ಕಾಲು ಪಾಲು ಹೊರಗೆ ಚಾರ್ಜ್ ಮಾಡಿದರೂ ವರ್ಷಕ್ಕೆ ಐದು ಸಾವಿರದೊಳಗಿನ ವ್ಯತ್ಯಾಸ. ಅಷ್ಟೆಲ್ಲ ಚರ್ಚೆ ಈ ಐದು ಸಾವಿರಕ್ಕೆ.

ಪೆಟ್ರೋಲ್ ಉಳಿತಾಯ ದೊಡ್ಡದು, ಒಪ್ಪುತ್ತೇನೆ. ಲೀಟರಿಗೆ 12 ಕಿಲೋಮೀಟರ್ ಕೊಡುವ ಕಾರಿಗೆ ₹103ರ ದರದಲ್ಲಿ ವರ್ಷಕ್ಕೆ ₹1.28 ಲಕ್ಷ ಮೇಲೆ ಬೇಕು. ಆ ಎಸ್‌ಯುವಿಗೆ ₹29,000 ಸಾಕು. ಆದರೆ ಈ ಉಳಿತಾಯ ಎರಡು ಕಾರಿನಲ್ಲೂ ಇದೆ. ಎರಡರ ನಡುವೆ ಆರಿಸುವಾಗ ಅದನ್ನು ಲೆಕ್ಕಕ್ಕೆ ತಂದು ದುಬಾರಿ ಕಾರನ್ನು ಸಮರ್ಥಿಸಿಕೊಳ್ಳುವುದು ತಪ್ಪು. ವರ್ಷಕ್ಕೆ ಒಂದು ಲಕ್ಷ ಉಳಿಸುವುದಕ್ಕಾಗಿ ಅರ್ಧ ಕೋಟಿಯ ಕಾರು ಕೊಳ್ಳುವುದು ಯಾವ ಲೆಕ್ಕದಲ್ಲೂ ಹೊಂದುವುದಿಲ್ಲ. ಇಷ್ಟು ದೊಡ್ಡ ಕಾರು ಬೇಕೆಂದು ಆಗಲೇ ತೀರ್ಮಾನಿಸಿ, ಹಣವನ್ನೂ ಕೂಡಿಟ್ಟವರಿಗೆ ಮಾತ್ರ ಈ ಅಂಕಣದ ಲೆಕ್ಕ.

ಗೃಹಜ್ಯೋತಿಯ ಫಲಾನುಭವಿಗಳಿಗೆ ಒಂದು ಮಾತು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೂ ಕಾರೊಂದೇ 150ರಿಂದ 180 ಯೂನಿಟ್ ಬಳಸುತ್ತದೆ. ಮನೆಯ ಮೀಟರಿನಿಂದಲೇ ಚಾರ್ಜ್ ಮಾಡಿದರೆ 200 ಯೂನಿಟ್ಟಿನ ಮಿತಿ ದಾಟಿ ಪೂರ್ತಿ ಬಿಲ್ಲು ಬರುತ್ತದೆ. ಕಾರಿಗೆ ಬೇರೆ ಸಂಪರ್ಕ ಪಡೆಯುವುದು ಒಳ್ಳೆಯದು.

ದೂರದ ಪ್ರಯಾಣದ ವಿಷಯ ಬೇರೆ. ನಮ್ಮ ಅತ್ತೆಯ ಮನೆ ಸಾಗರದ ಹತ್ತಿರ, ಬೆಂಗಳೂರಿನಿಂದ ಸುಮಾರು 370 ಕಿಲೋಮೀಟರ್. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ದಾಟಿ ಶಿವಮೊಗ್ಗ, ಆಮೇಲೆ ಸಾಗರ. ಬ್ಯಾಟರಿಯಲ್ಲಿ ಶೇ 20 ಉಳಿಸಿಕೊಂಡು ಓಡಿಸುವುದು ನಮ್ಮ ಪದ್ಧತಿ. ನನ್ನ ಲೆಕ್ಕದಲ್ಲಿ ಹಾಗೆ ಓಡಿಸಿದರೆ ಫಾಸ್ಟ್‌ಬ್ಯಾಕ್ 440 ಕಿಲೋಮೀಟರ್ ಹೋಗುತ್ತದೆ, ಎಸ್‌ಯುವಿ 367. ಅಂದರೆ ಒಂದು ಕಾರು ನಿಲ್ಲದೆ ಊರು ಮುಟ್ಟುತ್ತದೆ, ಇನ್ನೊಂದಕ್ಕೆ ದಾರಿಯಲ್ಲಿ ಒಮ್ಮೆ ಚಾರ್ಜ್ ಬೇಕು. ಗಂಡ ಇದನ್ನು ದೊಡ್ಡ ಅಂಶ ಅಂದರು. ಆದರೆ ಎಪ್ಪತ್ತೆಂಟರ ಅತ್ತೆಯನ್ನು ಕರೆದುಕೊಂಡು ಹೊರಟ ಯಾವ ಪ್ರಯಾಣದಲ್ಲಿ ನಾವು ಎರಡು ಕಡೆ ನಿಲ್ಲದೆ ಹೋಗಿದ್ದೇವೆ? ಅವರು ಕಾಫಿ ಕುಡಿದು, ಕಾಲು ನೀಡಿ ಎದ್ದು ಬರುವಷ್ಟರಲ್ಲಿ ಕಾರಿಗೂ ಬೇಕಾದಷ್ಟು ಚಾರ್ಜ್ ಸೇರಿರುತ್ತದೆ. ತಿಂಗಳಿಗೆ ನಾಲ್ಕಾರು ಸಲ ಹುಬ್ಬಳ್ಳಿಗೋ ಮಂಗಳೂರಿಗೋ ಒಬ್ಬರೇ ಓಡಾಡುವವರಿಗೆ ಮಾತ್ರ ಆ 73 ಕಿಲೋಮೀಟರ್ ನಿಜವಾದ ಸಮಯ, ನಿಜವಾದ ಹಣ.

ನಮ್ಮ ತೀರ್ಮಾನ ಆದದ್ದು ಅತ್ತೆಯಿಂದ. ಅವರಿಗೆ ಎರಡೂ ಮೊಣಕಾಲಿನ ತೊಂದರೆ. ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿಗೋ ದೇವಸ್ಥಾನಕ್ಕೋ ಕಾರಿನಲ್ಲಿ ಹೋಗಬೇಕು. ಅವರನ್ನೂ, ಅವರ ಮಡಚುವ ವಾಕರನ್ನೂ ಕರೆದುಕೊಂಡೇ ಕಾರು ನೋಡಲು ಹೋದೆವು. ತಗ್ಗಿನ ಕಾರಿನಲ್ಲಿ ಅವರು ಬಾಗಿಲಿಗೆ ಬೆನ್ನು ಮಾಡಿ, ಸೊಂಟ ಇಳಿಸಿ ಕೂತರು, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ಏಳುವಾಗ ಬಲಗೈಯನ್ನು ಬಾಗಿಲಿನ ಚೌಕಟ್ಟಿಗೆ ಊರಿ, ಎಡಗೈಯನ್ನು ನನ್ನ ಹೆಗಲ ಮೇಲಿಟ್ಟು, ಎರಡು ಸಲ ಮುಂದಕ್ಕೆ ವಾಲಿ ಮೂರನೆಯದಕ್ಕೆ ಎದ್ದರು. "ಕೂರೋದು ಕಷ್ಟ ಅಲ್ಲ ಕಣಮ್ಮ, ಏಳೋದು" ಅಂದರು. ಎತ್ತರದ ಕಾರಿನ ಸೀಟು ಅವರ ಸೊಂಟದ ಮಟ್ಟಕ್ಕೇ ಇತ್ತು. ಪಕ್ಕಕ್ಕೆ ಸರಿದು ಕೂತರು, ಪಕ್ಕಕ್ಕೆ ಸರಿದು ಇಳಿದರು, ನನ್ನ ಹೆಗಲು ಬೇಕಾಗಲಿಲ್ಲ.

ಡಿಕ್ಕಿಯನ್ನೂ ವಾಕರ್ ಹಾಕಿಯೇ ನೋಡಿದೆವು. ಸೀಲ್‌ನ ಡಿಕ್ಕಿ 400 ಲೀಟರ್, ಹಿಂದಿನ ಗಾಜಿನ ಸಮೇತ ಮೇಲೇಳುವ ಬಾಗಿಲಲ್ಲ, ಸೆಡಾನ್ ಥರದ ಮುಚ್ಚಳ. ಲೀಟರಿನ ಲೆಕ್ಕಕ್ಕಿಂತ ಬಾಯಿಯ ಅಗಲ ಮುಖ್ಯ. ಊರಿನಿಂದ ಬರುವಾಗ ಅಕ್ಕಿ, ತೆಂಗಿನಕಾಯಿ ಮೂಟೆ ಹೇರಿಕೊಂಡು ಬರುವ ಮನೆಗಳಿಗೆ ಇದು ಸಣ್ಣ ವಿಷಯವಲ್ಲ. ಗ್ರೌಂಡ್ ಕ್ಲಿಯರೆನ್ಸ್ ಕೂಡ ಹಾಗೆಯೇ: ಸೀಲ್‌ನದು 145 ಮಿಲಿಮೀಟರ್. ನಗರದ ಟಾರು ರಸ್ತೆಗೆ ಸಾಕು. ಅಡಿಕೆ ತೋಟದ ಅಂಚಿನವರೆಗೆ ಹೋಗುವ, ಮಳೆಗಾಲದಲ್ಲಿ ನಡುವೆ ದಿಬ್ಬ ಎದ್ದ ಮಣ್ಣಿನ ದಾರಿಯಲ್ಲಿ ಐದು ಜನ ಕೂತ ಕಾರಿಗೆ ಅದು ಸಾಲುತ್ತದೆ ಅಂತ ನನಗೆ ಧೈರ್ಯ ಬರಲಿಲ್ಲ.

ಹತ್ತು ವರ್ಷ ಇಟ್ಟುಕೊಳ್ಳುವ ಕಾರು ಅಂತ ಹಿಡಿದರೆ, ₹3.65 ಲಕ್ಷದ ಅಂತರಕ್ಕೆ ಹತ್ತು ವರ್ಷದ ಹೆಚ್ಚಿನ ವಿದ್ಯುತ್ ಖರ್ಚು ಐವತ್ತು ಸಾವಿರ ಸೇರಿ, ಎತ್ತರಕ್ಕೆ ನಾವು ಕೊಡುವುದು ತಿಂಗಳಿಗೆ ಸುಮಾರು ₹3,500. ಮಾರುವಾಗ ಎಸ್‌ಯುವಿಗೆ ಗಿರಾಕಿ ಹೆಚ್ಚು ಅನ್ನುವುದು ನನ್ನ ಅನುಭವ. ಅದರಲ್ಲಿ ಸ್ವಲ್ಪ ವಾಪಸ್ ಬರಬಹುದು. ಅತ್ತೆ ಯಾರ ಹೆಗಲೂ ಹಿಡಿಯದೆ ಕಾರು ಹತ್ತಿ ಇಳಿಯುವುದಕ್ಕೆ ತಿಂಗಳಿಗೆ ಮೂರೂವರೆ ಸಾವಿರ ಹೆಚ್ಚಲ್ಲ. ನಾವು ಎಸ್‌ಯುವಿ ತೆಗೆದುಕೊಂಡೆವು.

ಆದರೆ ಸಾಲದ ವಿಷಯದಲ್ಲಿ ನಾನು ಯಾರ ಮಾತಿಗೂ ಜಗ್ಗಲಿಲ್ಲ. ಬ್ಯಾಂಕಿನಲ್ಲಿ ವಾಹನ ಸಾಲದ ಅರ್ಜಿಗಳನ್ನು ವರ್ಷಗಟ್ಟಲೆ ನೋಡಿದವಳು ನಾನು. ಏಳು ವರ್ಷದ ಸಾಲ ಎಷ್ಟು ಮನೆಗಳನ್ನು ಇಕ್ಕಟ್ಟಿಗೆ ಸಿಕ್ಕಿಸಿದೆ ಅಂತ ಬಲ್ಲೆ. ಈ ಕಾರಿಗೇ ಶೇ 9ರ ಬಡ್ಡಿಗೆ ₹45 ಲಕ್ಷವನ್ನು ಏಳು ವರ್ಷಕ್ಕೆ ತೆಗೆದುಕೊಂಡರೆ, ಎರಡು ವರ್ಷ ತಪ್ಪದೆ ಕಟ್ಟಿದ ಮೇಲೂ ಸುಮಾರು ₹34.9 ಲಕ್ಷ ಅಸಲು ಬಾಕಿ ಇರುತ್ತದೆ. ವಿಮೆಯ ಸವಕಳಿ ಪಟ್ಟಿಯಲ್ಲಿ ಎರಡು ವರ್ಷ ದಾಟಿದ ವಾಹನಕ್ಕೆ ಶೇ 30 ಕಳೆಯುತ್ತಾರೆ, ಐಡಿವಿ, ಅಂದರೆ ವಿಮೆಯಲ್ಲಿ ಕಾರಿಗೆ ಹಿಡಿಯುವ ಬೆಲೆ, ₹34.2 ಲಕ್ಷಕ್ಕೆ ಇಳಿಯುತ್ತದೆ. ಕಾರು ಕಳವಾದರೆ ಅಥವಾ ನೀರಲ್ಲಿ ಮುಳುಗಿ ಪೂರ್ತಿ ಹಾಳಾದರೆ ವಿಮೆಯ ಹಣ ಸಾಲ ತೀರಿಸುವುದಕ್ಕೂ ಸಾಲದು. ಅದಕ್ಕೇ ಅರ್ಧಕ್ಕಿಂತ ಹೆಚ್ಚು ಹಣ ಕೈಯಿಂದ ಕಟ್ಟಿ, ಉಳಿದದ್ದಕ್ಕೆ ನಾಲ್ಕು ವರ್ಷದ ಸಾಲ ಮಾಡಿದೆವು. ಮೊದಲ ವರ್ಷಗಳಿಗೆ, ಹಾಗೇನಾದರೂ ಆದರೆ ಇನ್‌ವಾಯ್ಸಿನ ಬೆಲೆಯನ್ನೇ ಕೊಡುವ ರಿಟರ್ನ್ ಟು ಇನ್‌ವಾಯ್ಸ್ ರಕ್ಷಣೆಯನ್ನೂ ಸೇರಿಸಿಕೊಂಡೆವು.

ಹತ್ತು ವರ್ಷ ಇಟ್ಟುಕೊಳ್ಳುವುದಕ್ಕೂ ಕಾರಣವಿದೆ. ವಿದ್ಯುತ್ ಕಾರುಗಳ ಬೆಲೆ ಇನ್ನೂ ನೆಲೆ ನಿಂತಿಲ್ಲ. ಇದೇ ಕಂಪನಿಯ ಆಟೊ 3, 2022ರಲ್ಲಿ ₹33.99 ಲಕ್ಷಕ್ಕೆ ಬಂದಿತ್ತು. 2024ರ ಜುಲೈನಲ್ಲಿ ಸಣ್ಣ ಬ್ಯಾಟರಿಯ ಮಾದರಿ ₹24.99 ಲಕ್ಷಕ್ಕೆ ಬಂತು. ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬೆಲೆ 2024ರ ಫೆಬ್ರುವರಿಯಲ್ಲಿ ₹1.2 ಲಕ್ಷದವರೆಗೆ ಇಳಿಯಿತು. ಹೊಸ ಕಾರಿನ ಬೆಲೆ ಇಳಿದ ದಿನವೇ ಹಳೆಯದರ ಬೆಲೆಯೂ ಇಳಿಯುತ್ತದೆ. ಮೂರು ವರ್ಷಕ್ಕೆ ಮಾರುವವರಿಗೆ ಆ ಪೆಟ್ಟು ಪೂರ್ತಿ ಬೀಳುತ್ತದೆ. ಬ್ಯಾಟರಿಗೆ ಕಂಪನಿಯ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಇದೆ. ಕಡೇಪಕ್ಷ ಅಷ್ಟು ವರ್ಷವಾದರೂ ಅದೇ ಕಾರನ್ನು ಓಡಿಸುವ ಮನಸ್ಸಿಲ್ಲದವರು ಇಷ್ಟು ಹಣ ಹಾಕಬಾರದು.

ಮನೆಯಲ್ಲಿ ಹಿರಿಯರಿಲ್ಲ, ಊರಿನ ಮಣ್ಣಿನ ದಾರಿಯಿಲ್ಲ, ಹೆದ್ದಾರಿಯ ಓಡಾಟ ಹೆಚ್ಚು ಅನ್ನುವವರು ಹಿಂದೆಮುಂದೆ ನೋಡದೆ ತಗ್ಗಿನ ಕಾರನ್ನೇ ತೆಗೆದುಕೊಳ್ಳಿ. ಉಳಿದ ₹3.65 ಲಕ್ಷವನ್ನು ಡೌನ್ ಪೇಮೆಂಟಿಗೆ ಸೇರಿಸಿ. ಐದು ವರ್ಷದ ಸಾಲದಲ್ಲಿ ಬಡ್ಡಿಯೇ ₹90,000 ಉಳಿಯುತ್ತದೆ.