ನ್ಯಾಯಾಸನದ ಮುಂದೆ ನಿಲ್ಲುವ ವಿಶ್ವಾಸಿ

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು, 23ರಿಂದ 26ನೆಯ ಅಧ್ಯಾಯಗಳು.



ಅರಸೀಕೆರೆಯ ಕಡೆಯಿಂದ ಹಳೇಬೀಡಿಗೆ ಹೋದವರು ಅಲ್ಲಿ ಹೊಯ್ಸಳ ದೊರೆಗಳ ರಾಜಧಾನಿಯಾದ ದೋರಸಮುದ್ರದ ಅವಶೇಷಗಳನ್ನು ಕಂಡಿರುವರು. 1311ರಲ್ಲಿ ದಿಲ್ಲಿಯ ಸೇನಾಪತಿಯಾದ ಮಲಿಕ್ ಕಾಫೂರನು ದಂಡೆತ್ತಿ ಬಂದಾಗ ಮೂರನೆಯ ಬಲ್ಲಾಳನು ಅವನಿಗೆ ತಲೆಬಾಗಬೇಕಾಯಿತು. ಭೂಮಿಯ ಅಧಿಕಾರವೆಲ್ಲಾ ದೇವರಿಂದ ಕೊಡಲ್ಪಟ್ಟದ್ದು. ಆತನು ನೇಮಿಸಿದ ಕಾಲದ ತನಕ ಮಾತ್ರ ನಿಲ್ಲುವಂಥದ್ದು. ಆದಕಾರಣ ನಾವು ಅದನ್ನು ಗೌರವಿಸತಕ್ಕದ್ದು. ಅದಕ್ಕೆ ಅಂಜಿ ದೇವರನ್ನು ಮರೆಯತಕ್ಕದ್ದಲ್ಲ.

2021ನೆಯ ನವೆಂಬರಿನಲ್ಲಿ ಬೇಲೂರಿನ ಪ್ರಾರ್ಥನಾಮಂದಿರವೊಂದಕ್ಕೆ ಕೆಲವರು ನುಗ್ಗಿ, ಮತಾಂತರದ ಆರೋಪ ಹೊರಿಸಿ, ಪ್ರಾರ್ಥನೆಯನ್ನು ತಡೆದರು. ಅಲ್ಲಿದ್ದ ಸ್ತ್ರೀಯರು ಅಂಜದೆ ಅವರನ್ನು ಪ್ರಶ್ನಿಸಿದರು. 2022ರಲ್ಲಿ ಕರ್ನಾಟಕದಲ್ಲಿ ಬಂದ ಕಾಯಿದೆಯು, ಮತ ಬದಲಿಸುವವರು 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು. 2023ರ ಜೂನಿನಲ್ಲಿ ಮಂತ್ರಿಮಂಡಲವು ಅದನ್ನು ಹಿಂತೆಗೆಯಲು ತೀರ್ಮಾನಿಸಿತು. ಆಳುವವರ ಮನಸ್ಸು ತಿರುಗುವದು. ದೇವರ ಆಳಿಕೆಯೋ ಸ್ಥಿರವಾದದ್ದು.

ಹಾಗಾದರೆ ಠಾಣೆಗಾಗಲಿ ಕೋರ್ಟಿಗಾಗಲಿ ಕರೆ ಬಂದರೆ ನಾವು ಹೇಗೆ ನಡೆಯಬೇಕು? ಪೌಲನನ್ನು ನೋಡೋಣ. ಅಧಿಪತಿಯಾದ ಫೇಲಿಕ್ಸನು ಅವನಿಂದ ಲಂಚವನ್ನು ನಿರೀಕ್ಷಿಸಿ ಪದೇಪದೇ ಕರೆಸಿದನು. ಪೌಲನು ಕೊಡಲಿಲ್ಲ; ಎರಡು ವರುಷ ಸೆರೆಯಲ್ಲಿ ಕಳೆದನು. ಆ ದಿನಗಳಲ್ಲಿ ದೇವರು ಸುಮ್ಮನಿದ್ದಾನೆಂದು ತೋರಿರಬಹುದು. ಆದರೆ ರೋಮಿನಲ್ಲಿಯೂ ಸಾಕ್ಷಿ ಕೊಡಬೇಕೆಂದು ಕರ್ತನು ಮೊದಲೇ ತಿಳಿಸಿದ್ದನು. ಆ ಮೊಕದ್ದಮೆಯೇ ಅವನನ್ನು ರೋಮಿಗೆ ಕರೆದೊಯ್ಯುವ ದಾರಿಯಾಯಿತು.

ಇದರಿಂದ ನಾವು ಮೂರು ಸಂಗತಿಗಳನ್ನು ಕಲಿಯುತ್ತೇವೆ.

1. ನ್ಯಾಯವಾದ ಹಕ್ಕನ್ನು ಉಪಯೋಗಿಸುವದು ಅವಿಶ್ವಾಸವಲ್ಲ. ಪೌಲನು ಕೈಸರನಿಗೆ ಮೊರೆಯಿಟ್ಟನು. ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಸಕಲರಿಗೂ ಕೊಟ್ಟಿದೆ. ವಕೀಲರ ಸಹಾಯ ಪಡೆಯುವದರಲ್ಲಿ ತಪ್ಪಿಲ್ಲ.

2. ಬಿಡುಗಡೆಗಾಗಿ ಲಂಚವನ್ನೂ ಸುಳ್ಳುಸಾಕ್ಷಿಯನ್ನೂ ಹುಡುಕಬಾರದು. ಸುಳ್ಳಿನಿಂದ ಮೊಕದ್ದಮೆ ಗೆದ್ದವನು ಸಾಕ್ಷಿಯನ್ನು ಸೋತವನು. ನಮ್ಮಲ್ಲಿ ಯಾರಾದರೂ ಆಸೆ ತೋರಿಸಿ, ಇಲ್ಲವೆ ಹೆದರಿಸಿ ಒಬ್ಬನನ್ನು ಸಭೆಗೆ ಸೇರಿಸಿದ್ದರೆ, ಅಂಥವನು ಹಿಂಸೆಗೊಳಗಾದೆನೆಂದು ಹೇಳಿಕೊಳ್ಳದೆ ಪಶ್ಚಾತ್ತಾಪಪಡಲಿ.

3. ತೀರ್ಪು ತಡವಾದರೂ, ನಮಗೆ ವಿರೋಧವಾದರೂ, ದೇವರ ಕೈ ಜಾರಿತೆಂದು ಎಣಿಸಬಾರದು. ವಾಯಿದೆಯ ಮೇಲೆ ವಾಯಿದೆ ಬಿದ್ದು, ಕೂಲಿ ತಪ್ಪಿ, ಮನೆಯವರು ಕುಗ್ಗಿರುವಾಗ ವಿಶ್ವಾಸವು ಸುಲಭವೆಂದು ನಾವು ಹೇಳುವದಿಲ್ಲ. ಆದಕಾರಣ ಸಭೆಯವರು ಅಂಥವನ ಸಂಗಡ ಕೋರ್ಟಿಗೆ ಹೋಗಲಿ, ಅವನ ಮನೆಯವರ ಊಟವನ್ನು ವಿಚಾರಿಸಲಿ.

ವಿಚಾರಿಸತಕ್ಕ ಪ್ರಶ್ನೆಗಳು: ಪೌಲನು ಲಂಚ ಕೊಟ್ಟು ಬಿಡುಗಡೆಯಾಗಿದ್ದರೆ ಏನನ್ನು ಕಳಕೊಳ್ಳುತ್ತಿದ್ದನು? ನಮ್ಮ ಮೇಲೆ ದೂರು ಕೊಟ್ಟವರಿಗಾಗಿ ಈ ವಾರ ನಾವು ಪ್ರಾರ್ಥಿಸಿದೆವೋ?